ಚಿಕ್ಕ ಕಾರಿಗೆ ಸಬ್‌ವೂಫರ್: ಲೀಟರ್ ಲೆಕ್ಕದ ಟಿಪ್ಪಣಿ

ಈ ಟಿಪ್ಪಣಿ ಸೀಲ್ಡ್ ಬಾಕ್ಸ್ ಬಗ್ಗೆ ಮಾತ್ರ. ಅಂದರೆ ಎಲ್ಲೂ ತೂತಿಲ್ಲದೆ ಪೂರ್ತಿ ಮುಚ್ಚಿದ ಪೆಟ್ಟಿಗೆ. ಪೋರ್ಟ್ (ಗಾಳಿ ಓಡಾಡಲು ಬಿಟ್ಟ ತೂತು) ಇರುವ ಬಾಕ್ಸ್ ಜೋರಾಗಿ ಕೇಳುತ್ತದೆ ನಿಜ, ಆದರೆ ಜಾಗ ಜಾಸ್ತಿ ತಿನ್ನುತ್ತದೆ. ಚಿಕ್ಕ ಕಾರಿಗೆ ಅದು ಬೇಡ ಅನ್ನುವುದಕ್ಕೆ ಇನ್ನೂ ಒಳ್ಳೆಯ ಕಾರಣ ಮುಂದೆ ಬರುತ್ತದೆ. ವೂಫರ್, ಆಂಪ್ ಅಂದರೇನು ಅಂತ ವಿವರಿಸಲು ಹೋಗಿಲ್ಲ.

ಮೊದಲು ಒಂದು ಕಹಿ ಸತ್ಯ. ಬಾಕ್ಸ್ ಚಿಕ್ಕದಿರಬೇಕು, ಬೇಸ್ ಆಳಕ್ಕೆ ಇಳಿಯಬೇಕು, ಕಡಿಮೆ ವ್ಯಾಟಿನಲ್ಲೇ ಜೋರಾಗಿ ಕೇಳಬೇಕು. ಈ ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ. ಇದಕ್ಕೆ ಹಾಫ್‌ಮನ್‌ನ ಕಬ್ಬಿಣದ ನಿಯಮ ಅಂತ ಹೆಸರು. (ಕೆಎಲ್‌ಎಚ್ ಸ್ಪೀಕರ್ ಕಂಪನಿಯ ಹೆಸರಿನಲ್ಲಿರುವ ‘ಎಚ್’ ಇದೇ ಹಾಫ್‌ಮನ್.) ಚಿಕ್ಕ ಕಾರಿನವರು ಬಿಟ್ಟುಕೊಡುವುದು ಮೂರನೆಯದನ್ನು. ಅಂದರೆ ವ್ಯಾಟ್ ಜಾಸ್ತಿ ಸುರಿಯಬೇಕು. ಎಷ್ಟು ಜಾಸ್ತಿ ಅನ್ನುವ ಲೆಕ್ಕ ಕೆಳಗಿದೆ.

ಜಾಗ ಎಲ್ಲಿದೆ?

ಸೀಟಿನ ಕೆಳಗೆ, ಸ್ಟೆಪ್ನಿ ಚಕ್ರದ ಗುಂಡಿಯಲ್ಲಿ, ಡಿಕ್ಕಿಯ ಪಕ್ಕದ ಮೂಲೆಯಲ್ಲಿ, ಇಲ್ಲವೇ ಹಿಂದಿನ ಸೀಟಿನ ಬೆನ್ನಿಗೆ ಒರಗಿಸಿ. ಸೀಟಿನ ಕೆಳಗೆ ಇಡುವಂಥದ್ದು ಸಾಮಾನ್ಯವಾಗಿ ಆಂಪ್ ಸಮೇತ ಒಂದೇ ಡಬ್ಬಿಯಾಗಿ ಬರುತ್ತದೆ. ಅದಕ್ಕೆ ಲೀಟರ್ ಲೆಕ್ಕ ಬೇಕಿಲ್ಲ, ಎತ್ತರದ ಲೆಕ್ಕ ಸಾಕು. ಆದರೆ ಖಾಲಿ ಸೀಟಿನ ಕೆಳಗೆ ಟೇಪ್ ಹಿಡಿದು ಅಳೆದರೆ ಪ್ರಯೋಜನವಿಲ್ಲ. ಯಾರಾದರೂ ಕೂತಾಗ ಫೋಮು, ಸ್ಪ್ರಿಂಗು ಕೆಳಗಿಳಿಯುತ್ತವೆ. ಮಕ್ಕಳು ಆಡುವ ಕ್ಲೇಯನ್ನು ಗೋಪುರದ ಹಾಗೆ ನಿಲ್ಲಿಸಿ, ಸೀಟಿನ ಮೇಲೆ ಕೂತು ಎದ್ದು ನೋಡಿ. ಚಪ್ಪಟೆಯಾಗಿ ಉಳಿದ ಎತ್ತರವೇ ನಿಜವಾದ ಎತ್ತರ. ಸೀಟನ್ನು ಪೂರ್ತಿ ಹಿಂದೆ ಒಮ್ಮೆ, ಪೂರ್ತಿ ಮುಂದೆ ಒಮ್ಮೆ ಜಾರಿಸಿ ಹೀಗೇ ಮಾಡಿ. ಅಲ್ಲಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ಅಥವಾ ಸೀಟ್ ಬೆಲ್ಟ್ ವ್ಯವಸ್ಥೆಯದ್ದು. ಅದನ್ನು ಕೀಳಬಾರದು, ಅದರ ವೈರಿಗೆ ಡಬ್ಬಿ ತಾಗಲೂಬಾರದು.

ಎಲ್ಲಕ್ಕೂ ಒಂದೇ ಗುಣಕ

ಇದು ನನ್ನ ಮೆಚ್ಚಿನ ಭಾಗ. ವೂಫರ್ ಜೊತೆ ಬರುವ ಹಾಳೆಯಲ್ಲಿ ಹತ್ತಾರು ಅಂಕಿಗಳಿರುತ್ತವೆ. ಥೀಲ್–ಸ್ಮಾಲ್ ಪ್ಯಾರಾಮೀಟರ್ ಅನ್ನುವುದು ಇವನ್ನೇ. ಸೀಲ್ಡ್ ಬಾಕ್ಸಿಗೆ ಅದರಲ್ಲಿ ಮೂರು ಸಾಕು: ಎಫ್‌ಎಸ್, ಕ್ಯೂಟಿಎಸ್, ವಿಎಎಸ್.

ಎಫ್‌ಎಸ್ ಅಂದರೆ ಬಾಕ್ಸಿಲ್ಲದೆ ಬಿಟ್ಟಾಗ ಕೋನ್ ತಾನಾಗಿ ಕುಣಿಯುವ ಹರ್ಟ್ಜ್. ಕ್ಯೂಟಿಎಸ್ ಅಂದರೆ ಆ ಕುಣಿತಕ್ಕೆ ಎಷ್ಟು ಕಡಿವಾಣ ಇದೆ ಅನ್ನುವ ಅಂಕಿ. ತಲೆ ಕೆಡಿಸುವುದು ವಿಎಎಸ್. ಅದಕ್ಕೆ ಲೀಟರಿನ ಅಳತೆ ಇರುವುದರಿಂದ ಅಷ್ಟು ದೊಡ್ಡ ಬಾಕ್ಸ್ ಬೇಕು ಅಂತ ಅನ್ನಿಸಿಬಿಡುತ್ತದೆ. ಹಾಗಲ್ಲ. ಕೋನನ್ನು ಹಿಡಿದಿರುವ ರಬ್ಬರು, ಬಟ್ಟೆ ಸೇರಿ ಒಂದು ಸ್ಪ್ರಿಂಗ್. ಮುಚ್ಚಿದ ಗಾಳಿಯೂ ಒಂದು ಸ್ಪ್ರಿಂಗ್. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಹಿಡಿಕೆ ಒತ್ತಿದರೆ ಅದು ಗೊತ್ತಾಗುತ್ತದೆ. ವೂಫರಿನ ಸ್ಪ್ರಿಂಗಿನಷ್ಟೇ ಬಿಗಿ ಇರುವ ಗಾಳಿ ಎಷ್ಟು ಲೀಟರೋ ಅದೇ ವಿಎಎಸ್. ಗಾಳಿ ಕಡಿಮೆಯಾದಷ್ಟೂ ಬಿಗಿ ಜಾಸ್ತಿ.

ಇಷ್ಟು ಹಿಡಿತಕ್ಕೆ ಸಿಕ್ಕರೆ ಉಳಿದದ್ದು ಒಂದೇ ಸಾಲು:

ಗುಣಕ = √(1 + ವಿಎಎಸ್ ÷ ಬಾಕ್ಸಿನ ಲೀಟರ್)

ಈ ಗುಣಕದಿಂದ ಎಫ್‌ಎಸ್ ಗುಣಿಸಿದರೆ ಬಾಕ್ಸಿನಲ್ಲಿ ಕೂತ ಮೇಲಿನ ಹರ್ಟ್ಜ್ ಸಿಗುತ್ತದೆ. ಕ್ಯೂಟಿಎಸ್ ಗುಣಿಸಿದರೆ ಬಾಕ್ಸಿನಲ್ಲಿ ಕೂತ ಮೇಲಿನ ಕ್ಯೂ. ಉದಾಹರಣೆಗೆ ಎಫ್‌ಎಸ್ 30 ಹರ್ಟ್ಜ್, ಕ್ಯೂಟಿಎಸ್ 0.45, ವಿಎಎಸ್ 30 ಲೀಟರ್ ಅಂತ ಇಟ್ಟುಕೊಳ್ಳೋಣ. ಬಾಕ್ಸ್ 10 ಲೀಟರ್ ಆದರೆ ಗುಣಕ √4, ಅಂದರೆ 2. ಹಾಗಾಗಿ 60 ಹರ್ಟ್ಜ್, ಕ್ಯೂ 0.9. ಬಾಕ್ಸ್ 20.4 ಲೀಟರ್ ಆದರೆ ಗುಣಕ 1.57. ಆಗ 47 ಹರ್ಟ್ಜ್, ಕ್ಯೂ 0.707.

ಈ 0.707 ಅನ್ನೇ ಎಲ್ಲರೂ ಬೆನ್ನಟ್ಟುವುದು, ಯಾಕಂದರೆ ಉಬ್ಬಿಲ್ಲದೆ ಸಪಾಟಾಗಿ ಇಳಿಯುವ ಗೆರೆ ಅಲ್ಲಿ ಸಿಗುತ್ತದೆ. ಆದರೆ 0.9ರಲ್ಲಿ ಬರುವ ಉಬ್ಬು 1 ಡೆಸಿಬಲ್‌ಗಿಂತ ಕಡಿಮೆ. ಕಾರಿನೊಳಗೆ ಅದು ಕಿವಿಗೆ ಗೊತ್ತೂ ಆಗುವುದಿಲ್ಲ. ನಿಜವಾದ ನಷ್ಟ ವ್ಯಾಟಿನಲ್ಲಿದೆ. ತೀರಾ ಆಳದ ಬೇಸ್‌ನಲ್ಲಿ 20.4 ಲೀಟರಿನ ಬಾಕ್ಸ್ 100 ವ್ಯಾಟಿಗೆ ಮಾಡುವ ಕೆಲಸಕ್ಕೆ 10 ಲೀಟರಿನದ್ದು ಸುಮಾರು 260 ವ್ಯಾಟ್ ಕೇಳುತ್ತದೆ. ಕಬ್ಬಿಣದ ನಿಯಮ ಅಂದದ್ದು ಇದನ್ನೇ.

ಲೀಟರ್ ಅಳೆಯುವಾಗ ಹೊರಗಿನ ಅಳತೆ ಹಿಡಿಯಬೇಡಿ. 40 × 35 × 25 ಸೆಂ.ಮೀ. ಬಾಕ್ಸ್ ಹೊರಗಿನಿಂದ 35 ಲೀಟರ್. ಹಲಗೆ 18 ಮಿ.ಮೀ. ಎಂಡಿಎಫ್ ಆದರೆ ಪ್ರತಿ ಅಳತೆಯಲ್ಲೂ 3.6 ಸೆಂ.ಮೀ. ಹೋಗುತ್ತದೆ. ಒಳಗೆ ಉಳಿಯುವುದು 36.4 × 31.4 × 21.4, ಅಂದರೆ 24.5 ಲೀಟರ್ ಮಾತ್ರ. ಹತ್ತೂವರೆ ಲೀಟರ್ ಬರೀ ಹಲಗೆಗೆ ಹೋಯಿತು! ವೂಫರಿನ ಮ್ಯಾಗ್ನೆಟ್, ಬುಟ್ಟಿ ಹಿಡಿಯುವ ಜಾಗವನ್ನೂ ಕಳೆಯಬೇಕು. ಸೀಟಿಗೆ ಒರಗುವ ಓರೆ ಬಾಕ್ಸಿಗೆ ಮೇಲಿನ ಆಳ, ಕೆಳಗಿನ ಆಳ ಕೂಡಿಸಿ ಎರಡರಿಂದ ಭಾಗಿಸಿ. ಉಳಿದದ್ದು ಹಾಗೇ. ಒಳಗೆ ದಿಂಬಿನ ಪಾಲಿಯೆಸ್ಟರ್ ಹತ್ತಿ ಸಡಿಲವಾಗಿ ತುಂಬಿದರೆ ಬಾಕ್ಸ್ ತುಸು ದೊಡ್ಡದಾದ ಹಾಗೆ ನಡೆದುಕೊಳ್ಳುತ್ತದೆ.

ಚಿಕ್ಕ ಕಾರೇ ಕೊಡುವ ಸಹಾಯ

60 ಹರ್ಟ್ಜ್ ಕೆಳಗೆ ಬೇಸ್ ಇಳಿದುಹೋದರೆ ಸಬ್‌ವೂಫರ್ ಯಾಕೆ ಬೇಕು, ಅಲ್ವಾ? ಇಲ್ಲಿ ನಿಧಾನವಾಗಿ ಓದಿ.

ಬಯಲಿನಲ್ಲಿ ಇಟ್ಟ ಸೀಲ್ಡ್ ಬಾಕ್ಸಿನ ಸದ್ದು ತನ್ನ ಹರ್ಟ್ಜ್ ಕೆಳಗೆ ಪ್ರತಿ ಆಕ್ಟೇವಿಗೆ, ಅಂದರೆ ಹರ್ಟ್ಜ್ ಅರ್ಧವಾದಾಗಲೆಲ್ಲ, 12 ಡೆಸಿಬಲ್ ಇಳಿಯುತ್ತದೆ. ಕೋನ್ ಓಡಾಡುವ ದೂರ ಕಡಿಮೆಯಾಗುವುದಿಲ್ಲ, ಅದು ಹಾಗೇ ಇರುತ್ತದೆ. ಆದರೆ ಬಯಲಿನಲ್ಲಿ ಹರ್ಟ್ಜ್ ಅರ್ಧವಾದರೆ, ಅಷ್ಟೇ ಸದ್ದಿಗೆ ಕೋನ್ ನಾಲ್ಕು ಪಟ್ಟು ದೂರ ಓಡಬೇಕು. ಅದು ಓಡುವುದಿಲ್ಲ, ಅದಕ್ಕೇ ಸದ್ದು ಇಳಿಯುತ್ತದೆ.

ಈಗ ಬಾಕ್ಸನ್ನು ಕಾರಿನೊಳಗೆ ತನ್ನಿ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. 40 ಹರ್ಟ್ಜ್‌ನ ಒಂದು ಅಲೆ ಸುಮಾರು 8.6 ಮೀಟರ್ ಉದ್ದ. ಕ್ಯಾಬಿನ್ 2.5 ಮೀಟರ್ ಇದ್ದರೆ ಅರ್ಧ ಅಲೆಯೂ ಅದರಲ್ಲಿ ಹಿಡಿಸುವುದಿಲ್ಲ. 343 ÷ 5, ಅಂದರೆ ಸುಮಾರು 69 ಹರ್ಟ್ಜ್ ಕೆಳಗೆ ಇದೇ ಕಥೆ. ಆಗ ಅಲೆ ಓಡಾಡುವ ಮಾತೇ ಇಲ್ಲ, ಕ್ಯಾಬಿನ್ನಿನ ಗಾಳಿಯ ಒತ್ತಡ ಒಟ್ಟಿಗೆ ಏರಿ ಇಳಿಯುತ್ತದೆ. ಒತ್ತಡ ಎಷ್ಟು ಅನ್ನುವುದು ಕೋನ್ ಎಷ್ಟು ಗಾಳಿ ದೂಡಿತು ಅನ್ನುವುದರ ಮೇಲೆ ನಿಂತಿದೆ. ಹರ್ಟ್ಜ್ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಬಯಲಿನಲ್ಲಿ ಕಳೆದುಕೊಂಡ 12 ಡೆಸಿಬಲ್ ಇಲ್ಲಿ ವಾಪಸ್ ಬರುತ್ತದೆ. ಇದಕ್ಕೆ ಕ್ಯಾಬಿನ್ ಗೇನ್ ಅನ್ನುತ್ತಾರೆ.

60ರಲ್ಲಿ ಇಳಿಯುವ ಬಾಕ್ಸ್, 69ರಲ್ಲಿ ಏರುವ ಕ್ಯಾಬಿನ್. ಎರಡೂ ಹೆಚ್ಚುಕಡಿಮೆ ಒಂದಕ್ಕೊಂದು ಸರಿಹೋಗುತ್ತವೆ. 47 ಹರ್ಟ್ಜ್‌ನ ದೊಡ್ಡ ಬಾಕ್ಸ್ ಇಟ್ಟರೆ ಇಳಿತ ಶುರುವಾಗುವ ಮೊದಲೇ ಏರಿಕೆ ಬಂದು ಬೇಸ್ ಮಂದವಾಗಿ ಗುಂಯ್‌ಗುಡುತ್ತದೆ. ಪೋರ್ಟ್ ಬಾಕ್ಸಿನಲ್ಲಿ ಇಳಿತ ಆಕ್ಟೇವಿಗೆ 24 ಡೆಸಿಬಲ್, ಹಾಗಾಗಿ ಈ ಹೊಂದಾಣಿಕೆಯೇ ಕೂಡಿಬರುವುದಿಲ್ಲ. ನಿಜವಾದ ಕಾರಿನಲ್ಲಿ ಬಾಗಿಲ ಸಂದಿಯಿಂದ ಒತ್ತಡ ಸೋರುತ್ತದೆ, ತಗಡೂ ಬಾಗುತ್ತದೆ, ಅದಕ್ಕೆ ಪೂರ್ತಿ 12 ಸಿಗುವುದಿಲ್ಲ. ಬೇಸ್ ಕೇಳುತ್ತಾ ಕಿಟಕಿ ಇಳಿಸಿ ನೋಡಿ, ಎಷ್ಟು ಹೋಯಿತು ಅಂತ ತಕ್ಷಣ ಗೊತ್ತಾಗುತ್ತದೆ.

ವೈರಿಂಗ್, ಚುಟುಕಾಗಿ

ವ್ಯಾಟ್ ನೋಡುವಾಗ ಆರ್‌ಎಂಎಸ್ (ಬಿಡದೆ ನಡೆಯುವ ವ್ಯಾಟ್) ಮಾತ್ರ ನೋಡಿ, ಪೀಕ್ ಅಂಕಿ ಸುಮ್ನೆ ಜಂಬಕ್ಕೆ. ಡ್ಯುಯಲ್ 4 ಓಮ್ (ತಲಾ 4 ಓಮ್‌ನ ಎರಡು ಕಾಯಿಲ್ ಇರುವ) ವೂಫರ್ ಸೀರೀಸ್‌ನಲ್ಲಿ 8 ಓಮ್, ಪ್ಯಾರಲಲ್‌ನಲ್ಲಿ 2. ಆಂಪ್ 2 ಓಮ್ ತಾಳುತ್ತದೆಯೇ ಅಂತ ಮೊದಲು ಖಚಿತ ಮಾಡಿಕೊಳ್ಳಿ. 80 ಶೇಕಡಾ ದಕ್ಷತೆಯ ಕ್ಲಾಸ್ ಡಿ ಆಂಪ್ 300 ವ್ಯಾಟ್ ಕೊಡಲು 13.8 ವೋಲ್ಟಿನಲ್ಲಿ ಸುಮಾರು 27 ಆಂಪಿಯರ್ ಎಳೆಯುತ್ತದೆ. ವೈರಿನ ದಪ್ಪ ಅದಕ್ಕೆ ತಕ್ಕಂತಿರಲಿ. ಫ್ಯೂಸ್ ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಇರಬೇಕು. ಅದು ಕಾಯುವುದು ವೈರನ್ನು, ಆಂಪನ್ನಲ್ಲ. ಅರ್ತಿಂಗ್ ವೈರ್ ಕೂರುವ ಕಡೆ ಬಣ್ಣವನ್ನು ಲೋಹ ಕಾಣುವವರೆಗೆ ಕೆರೆಯಿರಿ.

ಲೋ ಪಾಸ್ (ಮೇಲಿನ ಸದ್ದು ತಡೆದು ಬೇಸ್ ಮಾತ್ರ ಬಿಡುವ ಫಿಲ್ಟರ್) 80 ಹರ್ಟ್ಜ್‌ನಿಂದ ಶುರು ಮಾಡಿ. ಫೇಸ್ ಸ್ವಿಚ್ (ಕೋನ್ ಓಡುವ ದಿಕ್ಕನ್ನು ತಿರುವುಮುರುವು ಮಾಡುವುದು) 0 ಇರಬೇಕೋ 180 ಇರಬೇಕೋ ಅಂತ ಕಾಗದದ ಮೇಲೆ ತೀರ್ಮಾನಿಸಲು ಆಗುವುದಿಲ್ಲ. ಬಾಗಿಲ ಸ್ಪೀಕರಿಗಿಂತ ಡಿಕ್ಕಿ ನಿಮ್ಮ ಕಿವಿಗೆ ದೂರ, ಆ ವ್ಯತ್ಯಾಸ ಕಾರಿನಿಂದ ಕಾರಿಗೆ ಬೇರೆ. ಚಾಲಕನ ಸೀಟಿನಲ್ಲಿ ಕೂತು, ಕಿಟಕಿ ಮುಚ್ಚಿ, ಬೇರೆಯವರಿಂದ ಸ್ವಿಚ್ ಬದಲಿಸಿಸಿ. ಬೇಸ್ ಯಾವುದರಲ್ಲಿ ತುಂಬಿಕೊಂಡು ಕೇಳುತ್ತದೋ ಅದನ್ನು ಇಟ್ಟುಕೊಳ್ಳಿ. ಆಮೇಲೂ ಹಿಂದಿನಿಂದ ಗಡಗಡ ಕೇಳಿದರೆ ವೂಫರನ್ನು ಬೈಯುವ ಮೊದಲು ನಂಬರ್ ಪ್ಲೇಟ್ ಒತ್ತಿ ಹಿಡಿದು ನೋಡಿ.