ಆಲ್ಫಾ ರೋಮಿಯೊ ಜೂಲಿಯಾ ಮತ್ತೆ ಹಿಂದಿನ ಚಕ್ರ ಹಿಡಿದದ್ದು ಯಾಕೆ?

ಓದುಗರ ಪ್ರಶ್ನೆ: ಈಗ ಬಹುಪಾಲು ಕಾರುಗಳು ಓಡುವುದು ಮುಂದಿನ ಚಕ್ರದ ಬಲದಿಂದ. ಹಾಗಿರುವಾಗ ಇಟಲಿಯ ಕಾರು ಕಂಪನಿ ಆಲ್ಫಾ ರೋಮಿಯೊ ತನ್ನ ಜೂಲಿಯಾ ಕಾರನ್ನು ಹಿಂದಿನ ಚಕ್ರದಿಂದ ಓಡುವಂತೆ ಮಾಡಿದ್ದು ಯಾಕೆ?

ಒಂದೇ ಮಾತಲ್ಲಿ ಹೇಳುವುದಾದರೆ, ಸ್ಟೀರಿಂಗ್‌ಗೋಸ್ಕರ.

ಕಾರು ಜೋರಾಗಿ ಮುನ್ನುಗ್ಗಿದಾಗ ಅದರ ಭಾರ ಹಿಂದಕ್ಕೆ ಸರಿಯುತ್ತದೆ, ಮೂತಿ ಹಗುರವಾಗುತ್ತದೆ. ಮುಂದಿನ ಚಕ್ರವೇ ಎಳೆಯಬೇಕು, ಅದೇ ತಿರುಗಲೂಬೇಕು ಅಂದರೆ ಹಿಡಿತ ಸಾಲುವುದಿಲ್ಲ. ಎಂಜಿನ್ ಬಲ ಜಾಸ್ತಿ ಇದ್ದರಂತೂ ಸ್ಟೀರಿಂಗ್ ಕೈಯಲ್ಲೇ ಅತ್ತಿತ್ತ ಜಗ್ಗುತ್ತದೆ. ತಳ್ಳುವ ಕೆಲಸವನ್ನು ಹಿಂದಿನ ಚಕ್ರಕ್ಕೆ ಕೊಟ್ಟುಬಿಟ್ಟರೆ, ಮುಂದಿನದಕ್ಕೆ ತಿರುಗುವುದೊಂದೇ ಕೆಲಸ.

ಆಲ್ಫಾಗೆ ಇದು ಹೊಸದೇನಲ್ಲ. 1986ರಲ್ಲಿ ಫಿಯಟ್ ಈ ಕಂಪನಿಯನ್ನು ಕೊಂಡಿತು. ಹಿಂದಿನ ಚಕ್ರದ ಆಲ್ಫಾ 75 ತಯಾರಿಕೆ 1992ರಲ್ಲಿ ನಿಂತಿತು. ಅದರ ಜಾಗಕ್ಕೆ ಬಂದ 155 ಫಿಯಟ್ ತಳಪಾಯದ ಮೇಲೆ ಕಟ್ಟಿದ್ದು, ಮುಂದಿನ ಚಕ್ರದ್ದು. ಆಮೇಲೆ 156, 159 ಕೂಡ ಹಾಗೇ. 156 ಈಗಲೂ ನನ್ನ ಕಣ್ಣಿಗೆ ಬಲು ಚಂದ. ಆದರೆ ಹಳೇ ಅಭಿಮಾನಿಗಳ ಕೊರಗು ಹೋಗಲಿಲ್ಲ. 2011ರಲ್ಲಿ 159 ಕೂಡ ನಿಂತ ಮೇಲೆ ಬಿಎಂಡಬ್ಲ್ಯು 3 ಸೀರೀಸ್‌ಗೆ ಎದುರು ನಿಲ್ಲುವ ಕಾರೇ ಆಲ್ಫಾ ಬಳಿ ಇರಲಿಲ್ಲ.

ಫಿಯಟ್‌ನ ಆಗಿನ ಮುಖ್ಯಸ್ಥ ಸೆರ್ಜಿಯೊ ಮಾರ್ಕಿಯೊನ್ನೆ ಹೊಸ ಕಾರಿಗೆ ಬೇರೆಯೇ ತಂಡ ಕಟ್ಟಿಸಿದರು. ಅದನ್ನು ನಡೆಸಿದ ಫಿಲಿಪ್ ಕ್ರೀಫ್ ಫೆರಾರಿಯಿಂದ ಬಂದವರು. ತಂಡದ ಜಾಗ ಮೊಡೆನಾ. ಹೀಗೆ ಹುಟ್ಟಿದ್ದು 'ಜಾರ್ಜಿಯೊ' ಅನ್ನುವ ತಳಪಾಯ. ಎಂಜಿನ್‌ನ ಬಲವನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ದಂಡವನ್ನು ಉಕ್ಕಿನ ಬದಲು ಕಾರ್ಬನ್ ಫೈಬರ್‌ನಲ್ಲಿ ಮಾಡಿದರು. ಬಾಗಿಲುಗಳು ಅಲ್ಯೂಮಿನಿಯಂ. ಮುಂದೆ ಅರ್ಧ, ಹಿಂದೆ ಅರ್ಧ ಭಾರ ಬರುವಂತೆ ಎಲ್ಲವನ್ನೂ ಹೊಂದಿಸಿದರು. ಸ್ಟೀರಿಂಗ್ ಎಷ್ಟು ಚುರುಕು ಅಂದರೆ, ಕೈ ತುಸು ಹೊರಳಿದರೂ ಮೂತಿ ತಿರುಗುತ್ತದೆ.

2015ರ ಜೂನ್ 24ರಂದು, ಕಂಪನಿಗೆ 105 ತುಂಬಿದ ದಿನವೇ, ಮಿಲಾನ್ ಹತ್ತಿರದ ಅರೇಸೆಯಲ್ಲಿ ಜೂಲಿಯಾದ ಮುಸುಕು ಸರಿಯಿತು. ಮೊದಲು ತೋರಿಸಿದ್ದು ಜೂಲಿಯಾದ ಅತಿ ಬಲಶಾಲಿ ಮಾದರಿ, 510 ಅಶ್ವಶಕ್ತಿಯ ಕ್ವಾಡ್ರಿಫೋಲಿಯೊ. ಅದೇ ಕಾರು 2016ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನ ಒಂದು ಸುತ್ತನ್ನು 7 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿತು. ಅಷ್ಟು ಬಲ ಮುಂದಿನ ಚಕ್ರಕ್ಕೇ ಹೋಗಿದ್ದರೆ ಇದು ಆಗುತ್ತಿರಲಿಲ್ಲ ಅಲ್ವಾ?

ತೊಂದರೆಯೂ ಒಂದಿದೆ. ಆ ದಂಡ ಹಾದುಹೋಗಲು ಕಾರಿನ ನೆಲ ನಡುವೆ ಉಬ್ಬಿದೆ. ಹಿಂದಿನ ಸೀಟಿನ ಮಧ್ಯದಲ್ಲಿ ಕೂತವರು ಕಾಲನ್ನು ಅದರ ಎರಡೂ ಪಕ್ಕಕ್ಕೆ ಇಟ್ಟುಕೊಳ್ಳಬೇಕು.