ಎಸಿಎಲ್ (ಮಂಡಿಯೊಳಗಿನ ಒಂದು ಮುಖ್ಯ ಅಸ್ಥಿರಜ್ಜು) ಶಸ್ತ್ರಚಿಕಿತ್ಸೆಯ ನಂತರ ಇಳಿಯದ ಮಂಡಿ ಊತ: ಅಧ್ಯಯನ ಟಿಪ್ಪಣಿ

ವಾರಗಳು ಕಳೆದರೂ ಮಂಡಿ ಊದಿಕೊಂಡೇ ಇದ್ದರೆ ಮೊದಲು ನೋಡಬೇಕಾದದ್ದು ಊತ ಎಲ್ಲಿದೆ ಎಂಬುದನ್ನು. ಚರ್ಮದಡಿಯ ಊತವನ್ನು ಬೆರಳಿನಿಂದ ಒತ್ತಿ ಹಿಡಿದರೆ ಗುಳಿ ಬೀಳುತ್ತದೆ. ಕಾಲು ಇಳಿಬಿಟ್ಟು ಕೂತಷ್ಟೂ ಅದು ಪಾದಕ್ಕೆ ಇಳಿಯುತ್ತದೆ. ಕೀಲಿನೊಳಗೆ ದ್ರವ ತುಂಬಿದಾಗ ಮಂಡಿಚಿಪ್ಪಿನ ಇಕ್ಕೆಲದ ತಗ್ಗು ಮುಚ್ಚಿಹೋಗಿ ಮಂಡಿ ದುಂಡಗಾಗುತ್ತದೆ.

ಜ್ವರ, ಹೆಚ್ಚುತ್ತಲೇ ಹೋಗುವ ಕೆಂಪು ಮತ್ತು ಬಿಸಿ, ಗಾಯದಿಂದ ಕೀವು, ಮೀನಖಂಡದಲ್ಲಿ ನೋವಿನೊಡನೆ ಬಾವು ಕಂಡರೆ ಅದೇ ದಿನ ಶಸ್ತ್ರಚಿಕಿತ್ಸಕರಿಗೆ ತಿಳಿಸಬೇಕು. ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಬೇಕು. ಸೋಂಕು, ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ ಇವು ವ್ಯಾಯಾಮದಿಂದ ಸರಿಹೋಗುವ ಸಂಗತಿಗಳಲ್ಲ.

ಇವು ಇಲ್ಲವೆಂದಾದ ಮೇಲೆ ದ್ರವವನ್ನು ಅಳೆಯುವ ಸರಳ ಪರೀಕ್ಷೆ ಹೀಗಿದೆ. ರೋಗಿ ಕಾಲು ಚಾಚಿ, ತೊಡೆ ಸಡಿಲ ಬಿಟ್ಟು ಮಲಗಿರಲಿ. ಮಂಡಿಯ ಒಳಬದಿಯನ್ನು ಕೆಳಗಿನಿಂದ ತೊಡೆಯ ಕಡೆಗೆ ಎರಡು ಮೂರು ಬಾರಿ ಸವರಿ. ನಂತರ ಹೊರಬದಿಯನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಸವರುತ್ತಾ ಒಳಬದಿಯ ತಗ್ಗನ್ನೇ ದಿಟ್ಟಿಸಿ ನೋಡಿ. ಅಲ್ಲಿ ಸಣ್ಣ ಅಲೆ ಎದ್ದರೆ ಅಲ್ಪ. ಚೆನ್ನಾಗಿ ಉಬ್ಬಿದರೆ 1+. ಹೊರಬದಿ ಸವರುವ ಮೊದಲೇ ತಾನಾಗಿ ತುಂಬಿದರೆ 2+. ದ್ರವವನ್ನು ಸರಿಸಲೇ ಆಗದಿದ್ದರೆ 3+. ತೊಡೆ ಬಿಗಿಯಾಗಿದ್ದರೆ ಈ ಪರೀಕ್ಷೆಯನ್ನು ನಂಬಬೇಡಿ.

ಇಷ್ಟು ಶ್ರದ್ಧೆಯಿಂದ ಅಳೆಯಬೇಕಾದ ಕಾರಣವಿದೆ. ಕೀಲು ಹಿಗ್ಗಿದಾಗ ಅಲ್ಲಿನ ನರಗಳು ಕಳುಹಿಸುವ ಸಂದೇಶದಿಂದ ಬೆನ್ನುಹುರಿ ಮುಂದೊಡೆಯ ಸ್ನಾಯುವನ್ನು ತಡೆಹಿಡಿಯುತ್ತದೆ. ಆರೋಗ್ಯವಂತರ ಮಂಡಿಗೆ ಲವಣಜಲ ತುಂಬಿಸಿ ನೋಡಿದ 1984ರ ಪ್ರಯೋಗವೊಂದರಲ್ಲಿ, ಆ ಸ್ನಾಯುವಿನ ಒಳಬದಿಯ ಭಾಗ ಕೇವಲ 20ರಿಂದ 30 ಮಿಲಿಲೀಟರ್‌ಗೇ ಮಂಕಾಯಿತು. ಉಳಿದ ಭಾಗಗಳಿಗೆ 50ರಿಂದ 60 ಬೇಕಾಯಿತು. ಹಾಗಾಗಿ ಕಾಲು ನೆಟ್ಟಗೆ ಎತ್ತಲಾಗದೆ ಒದ್ದಾಡುವ ಕಬಡ್ಡಿ ಆಟಗಾರನನ್ನು ಸೋಮಾರಿ ಎಂದು ಗದರಿಸುವುದು ಅನ್ಯಾಯ. ಅವನಿಗೆ ಮನಸ್ಸಿದೆ, ಸ್ನಾಯುವಿಗೆ ಅಪ್ಪಣೆ ಪೂರ್ತಿ ತಲುಪುತ್ತಿಲ್ಲ. ಸ್ನಾಯುವನ್ನು ವಿದ್ಯುತ್ತಿನಿಂದ ಪ್ರಚೋದಿಸುವ ಚಿಕಿತ್ಸೆ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡುವುದು, ಹದವಾಗಿ ಪಟ್ಟಿ ಕಟ್ಟುವುದು, ಪಾದವನ್ನು ಮೇಲೆ ಕೆಳಗೆ ಆಡಿಸುವುದು ಎಲ್ಲರಿಗೂ ಗೊತ್ತಿರುವುದೇ. ಕಾಲನ್ನು ಎದೆಗಿಂತ ಎತ್ತರಕ್ಕೆ ಇಡುವಾಗ ಮಾತ್ರ ದಿಂಬನ್ನು ಹಿಮ್ಮಡಿಯ ಕೆಳಗೆ ಇಡಿಸಿ. ಮಂಡಿಯಡಿಗೆ ದಿಂಬು ಹಿತವೆನಿಸುತ್ತದೆ, ಆದರೆ ಮಡಿಸಿಕೊಂಡೇ ಉಳಿದ ಮಂಡಿಯನ್ನು ಮತ್ತೆ ನೇರ ಮಾಡುವುದು ಬಹಳ ಕಷ್ಟ.

ಇಷ್ಟಾದರೂ ಊತ ಮರುಕಳಿಸುತ್ತಿದ್ದರೆ ಹೆಚ್ಚಿನ ಸಲ ಕಾರಣ ಮೀರಿದ ಹೊರೆ. ವ್ಯಾಯಾಮವನ್ನಷ್ಟೇ ಲೆಕ್ಕ ಹಾಕಬೇಡಿ; ಮೆಟ್ಟಿಲು, ಬಸ್ಸಿನಲ್ಲಿ ನಿಂತ ಪ್ರಯಾಣ, ಮದುವೆ ಮನೆಯ ಓಡಾಟ ಎಲ್ಲವನ್ನೂ ಕೇಳಿ ಬರೆದುಕೊಳ್ಳಿ. ಮರುದಿನ ಬೆಳಿಗ್ಗೆಯೂ ದರ್ಜೆ ಮೇಲೇರಿಯೇ ಇದ್ದರೆ ಹಿಂದಿನ ದಿನದ ಹೊರೆ ಇಳಿಸಬೇಕು. 2+ ಇರುವಾಗ ಮುಂದಿನ ಹಂತಕ್ಕೆ ಹೋಗುವಂತಿಲ್ಲ. ಓಟ, ಜಿಗಿತ ಶುರುಮಾಡಲು 1+ ಅಥವಾ ಅದಕ್ಕೂ ಕಡಿಮೆ ಇರಬೇಕು, ಟೂರ್ನಿ ಎಷ್ಟೇ ಹತ್ತಿರವಿದ್ದರೂ.