ಫಿಲೋಕ್ಸೆರಾ: ಎಲೆಯಲ್ಲೊಂದು ರೂಪ, ಬೇರಿನಲ್ಲೊಂದು ರೂಪ

ಫಿಲೋಕ್ಸೆರಾ ಎಂಬುದು ದ್ರಾಕ್ಷಿ ಬಳ್ಳಿಯ ರಸ ಹೀರಿ ಬದುಕುವ, ಒಂದು ಮಿಲಿಮೀಟರಿನಷ್ಟು ಉದ್ದದ ಹಳದಿ ಕೀಟದ ಹೆಸರು. ಸಸ್ಯಹೇನುಗಳ ಹತ್ತಿರದ ಬಳಗಕ್ಕೆ ಸೇರಿದ ಇದರ ತವರು ಉತ್ತರ ಅಮೆರಿಕದ ಪೂರ್ವ ಭಾಗ. ಗ್ರೀಕಿನಲ್ಲಿ ‘ಫಿಲಾನ್’ ಎಂದರೆ ಎಲೆ, ‘ಕ್ಸೆರೋಸ್’ ಎಂದರೆ ಒಣಗಿದ್ದು. ಓಕ್ ಮರದ ಎಲೆಯನ್ನು ಕಾಡುವ ಬೇರೊಂದು ಕೀಟಕ್ಕೆ 1834ರಲ್ಲಿ ಇಟ್ಟಿದ್ದ ಈ ಹೆಸರನ್ನು ದ್ರಾಕ್ಷಿಗೆ ತಂದವರು ಫ್ರೆಂಚ್ ಸಸ್ಯವಿಜ್ಞಾನಿ ಪ್ಲಾಂಶೋನ್. 1868ರಲ್ಲಿ ದಕ್ಷಿಣ ಫ್ರಾನ್ಸಿನ ಸೊರಗಿದ ಬಳ್ಳಿಗಳ ಬುಡ ಅಗೆದಾಗ ಅವರಿಗೆ ಈ ಕೀಟ ಕಂಡದ್ದು ಬೇರಿನ ಮೇಲೆ. ಹೆಸರು ಮಾತ್ರ ಎಲೆಯದಾಗಿಯೇ ಉಳಿಯಿತು.

ಹಾಗೆಂದು ಹೆಸರು ತಪ್ಪೆನ್ನಲಾಗದು. ನ್ಯೂಯಾರ್ಕಿನಲ್ಲಿ ಕೀಟವಿಜ್ಞಾನಿ ಏಸಾ ಫಿಚ್ 1855ರಲ್ಲಿ ವರ್ಣಿಸಿದ್ದು ದ್ರಾಕ್ಷಿ ಎಲೆಯ ಗಂಟುಗಳಲ್ಲಿದ್ದ ಕೀಟವನ್ನೇ. ಎಲೆಯ ಕೀಟವೂ ಬೇರಿನ ಕೀಟವೂ ಒಂದೇ ಎಂದು ಖಚಿತಪಡಿಸಿದವರಲ್ಲಿ ಮಿಸ್ಸೌರಿಯ ಕೀಟವಿಜ್ಞಾನಿ ಚಾರ್ಲ್ಸ್ ರೈಲಿ ಪ್ರಮುಖರು. ಯುರೋಪಿನ ಬಳ್ಳಿಯ ಬೇರು ಈ ಕೀಟಕ್ಕೆ ಬಲಿಯಾಗುತ್ತದೆ, ಆದರೆ ಅದರ ಎಲೆಯಲ್ಲಿ ಗಂಟು ಅಪರೂಪ. ಅಮೆರಿಕದ ಅನೇಕ ಕಾಡುಬಳ್ಳಿಗಳಲ್ಲಿ ಬೇರು ತಾಳಿಕೊಳ್ಳುತ್ತದೆ, ಎಲೆ ಗಂಟುಕಟ್ಟುತ್ತದೆ. ಯುರೋಪು ತನ್ನ ತೋಟಗಳನ್ನು ಉಳಿಸಿಕೊಂಡದ್ದು ಅಮೆರಿಕದ ಬೇರುಸಸಿಗೆ, ಅಂದರೆ ಬೇರಿನ ಭಾಗವಾಗಿ ಬಳಸುವ ಬಳ್ಳಿಗೆ, ತನ್ನ ತಳಿಗಳನ್ನು ಕಸಿಮಾಡಿ. (ನಮ್ಮ ವಿಜಯಪುರದ ಬೆಳೆಗಾರರು ಬಳಸುವ ಡಾಗ್‌ರಿಡ್ಜ್ ಕೂಡ ಅಮೆರಿಕ ಮೂಲದ ಬೇರುಸಸಿಯೇ, ಆದರೆ ಇಲ್ಲಿ ಅದನ್ನು ಆರಿಸುವುದು ಉಪ್ಪುನೀರನ್ನೂ ಬರವನ್ನೂ ತಾಳಲೆಂದು.)

ಚಳಿನಾಡಿನ ತೋಟಗಳಲ್ಲಿ ಈ ಪದ ಮುಖ್ಯವಾಗಿ ಎಲೆಯ ರೂಪವನ್ನೇ ಸೂಚಿಸುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯವು 1996ರಲ್ಲಿ ಬಿಡುಗಡೆ ಮಾಡಿದ ಫ್ರಾಂಟಿನ್ಯಾಕ್ ತಳಿಯು ಮೈನಸ್ 30 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲೂ ಬದುಕುವುದು ಅದರೊಳಗಿರುವ ರಿಪೇರಿಯಾ ಎಂಬ ನದೀತೀರದ ಕಾಡುದ್ರಾಕ್ಷಿಯ ಗುಣದಿಂದ. ಆ ಕಾಡುಬಳ್ಳಿಯ ಎಲೆಯೂ ಫಿಲೋಕ್ಸೆರಾಕ್ಕೆ ಸುಲಭದ ತುತ್ತು, ಆ ಗುಣವೂ ಫ್ರಾಂಟಿನ್ಯಾಕ್‌ಗೆ ಬಂದಿದೆ.

ತೊಗಟೆಯಡಿಯಲ್ಲಿ ಚಳಿಗಾಲ ಕಳೆದ ಮೊಟ್ಟೆಯಿಂದ ವಸಂತದಲ್ಲಿ ಹೊರಬಂದ ಮರಿಯು ಎಳೆ ಚಿಗುರಿಗೆ ಹತ್ತಿ ರಸ ಹೀರತೊಡಗಿದಾಗ, ಎಲೆಯೇ ಅದರ ಸುತ್ತ ಬೆಳೆದು ಗೂಡಾಗುತ್ತದೆ. ಎಲೆಯ ಅಡಿಭಾಗದಲ್ಲಿ ಬಟಾಣಿಯಂತೆ ಉಬ್ಬಿದ ಒರಟು ಗಂಟು, ಮೇಲ್ಭಾಗದಲ್ಲಿ ಸಣ್ಣ ಸೀಳುಬಾಯಿ: ಇದು ಗುರುತು. ಗಂಟನ್ನು ಉಗುರಿನಿಂದ ಬಿಡಿಸಿ ಭೂತಗನ್ನಡಿ ಹಿಡಿದರೆ ಒಳಗೆ ದುಂಡನೆಯ ಹಳದಿ ಹೆಣ್ಣು, ಅದರ ಸುತ್ತ ನೂರಾರು ಮೊಟ್ಟೆಗಳು ಕಾಣುತ್ತವೆ. ಗಂಡಿನ ನೆರವಿಲ್ಲದೆ ಇಟ್ಟ ಮೊಟ್ಟೆಗಳವು.

ಈ ಗಂಟನ್ನು ಎಲೆರೋಗವೆಂದು ತಿಳಿದು ಶಿಲೀಂಧ್ರನಾಶಕ ಸಿಂಪಡಿಸಿದರೆ ಔಷಧವೂ ವ್ಯರ್ಥ, ಹೊತ್ತೂ ವ್ಯರ್ಥ. ಬಲಿತ, ಹುಲುಸಾದ ಬಳ್ಳಿ ಅಷ್ಟಿಷ್ಟು ಗಂಟುಗಳನ್ನು ತಾಳಿಕೊಳ್ಳುತ್ತದೆ. ತೀವ್ರವಾದಾಗ ಎಲೆ ಮುರುಟಿ ಉದುರುತ್ತದೆ, ಎಳೆಯ ಬಳ್ಳಿ ಸೊರಗುತ್ತದೆ. ಗೂಡಿನೊಳಗಿನ ಕೀಟಕ್ಕೆ ಹೊರಗಿನಿಂದ ತಾಗುವ ಕೀಟನಾಶಕ ಮುಟ್ಟುವುದಿಲ್ಲವಾದ್ದರಿಂದ, ಮೊದಲ ಗಂಟುಗಳು ಮೂಡಿದ ಕೂಡಲೇ ಕೆಳಗಿನ ಎಲೆಗಳನ್ನು ಬಿಡಿಸಿ ನೋಡುತ್ತಿದ್ದು, ಮರಿಗಳು ಸೀಳುಬಾಯಿಯಿಂದ ಹೊರಟು ತುದಿಯ ಚಿಗುರಿನತ್ತ ನಡೆಯುವ ಆ ಕೆಲವೇ ದಿನಗಳಲ್ಲಿ ಸಿಂಪಡಣೆ ಮುಗಿಸಬೇಕಾಗುತ್ತದೆ.